ನೀರು ಎಲ್ಲೀಗಂಟ ಬರ್ತದೆ?

ಹಾಸನದವರು ಮಲೆನಾಡಿನವರೋ ಬಯಲುಸೀಮೆಯವರೋ ಎಂಬ ಜಗಳ ನಾನು ಕಾಲೇಜಿಗೆ ಸೇರಿದ ಮೊದಲ ವಾರವೇ ಶುರುವಾಗಿತ್ತು. ಸಕಲೇಶಪುರದಿಂದ ಬಂದಿದ್ದ ರೂಂಮೇಟ್ ಪ್ರಕಾರ ಆಲೂರು ದಾಟಿ ಪೂರ್ವಕ್ಕೆ ಬಂದರೆ ಮಲೆನಾಡು ಮುಗಿದ ಹಾಗೆ. ಅರಸೀಕೆರೆಯ ಹುಡುಗನಿಗೆ ಹಾಸನದ ಬೆಳಗಿನ ಚಳಿಯೇ ದೊಡ್ಡ ಮಲೆನಾಡು, ಜುಲೈನಲ್ಲೇ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದ. ನಾನು ಆಲೂರು ತಾಲ್ಲೂಕಿನವನು, ಸರಿಯಾಗಿ ಗಡಿಯ ಮೇಲೆ ಹುಟ್ಟಿದವನು. ಮನೆಯಲ್ಲಿ ಅಕ್ಕಿರೊಟ್ಟಿ ಮಾಡಿದ ದಿನ ಆ ಕಡೆ, ಮುದ್ದೆ ಮಾಡಿದ ದಿನ ಈ ಕಡೆ. ಕಾಲೇಜಿನ ಹೆಸರಿಗೆ ಮಾತ್ರ ಈ ಅನುಮಾನವೆಲ್ಲ ಇರಲಿಲ್ಲ. ಮಲ್ನಾಡ್ ಕಾಲೇಜ್ ಆಫ್ ಇಂಜಿನಿಯರಿಂಗ್ ಎಂದು ಬೋರ್ಡಿನ ಮೇಲೆ ಬರೆದಿತ್ತು. ಅಷ್ಟುದ್ದ ಯಾರೂ ಹೇಳುತ್ತಿರಲಿಲ್ಲ, ಎಂಸಿಇ ಅನ್ನುತ್ತಿದ್ದೆವು. ಆಟೋದವರಿಗೆ ಅದೂ ಬೇಕಿರಲಿಲ್ಲ, ‘ಇಂಜಿನಿಯರಿಂಗ್ ಕಾಲೇಜು’ ಅಂದರೆ ಸೀದಾ ಸಾಲಗಾಮೆ ರಸ್ತೆಗೆ ತಂದು ಬಿಡುತ್ತಿದ್ದರು. ಆಗ ಊರಲ್ಲಿ ಇದ್ದದ್ದೇ ಅದೊಂದು.

ಕಾಲೇಜು ಶುರುವಾದದ್ದು 1960ರಲ್ಲಿ. ಎರಡನೇ ಪಂಚವಾರ್ಷಿಕ ಯೋಜನೆಯ ಕಾಲ. ದೇಶದ ತುಂಬ ಅಣೆಕಟ್ಟು, ಉಕ್ಕಿನ ಕಾರ್ಖಾನೆ, ವಿದ್ಯುತ್ ಕೇಂದ್ರ ಎಂದು ಲೆಕ್ಕ ಹಾಕುತ್ತಾ ಹೋದಂತೆ ಇದನ್ನೆಲ್ಲ ಕಟ್ಟುವವರು ಎಲ್ಲಿದ್ದಾರೆ ಎಂಬ ಪ್ರಶ್ನೆ ಎದ್ದಿತ್ತು. ಕೇಂದ್ರ ಸರ್ಕಾರ, ಆಗಿನ ಮೈಸೂರು ರಾಜ್ಯ ಸರ್ಕಾರ ಮತ್ತು ಊರಿನವರೇ ಸೇರಿ ಮಾಡಿಕೊಂಡ ಮಲ್ನಾಡ್ ಟೆಕ್ನಿಕಲ್ ಎಜುಕೇಶನ್ ಸೊಸೈಟಿ, ಈ ಮೂವರೂ ಕೈಜೋಡಿಸಿ ಕಟ್ಟಿದ ಕಾಲೇಜು ಇದು. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಮೊದಲಿಗೆ ಇದ್ದದ್ದು ಈ ಮೂರೇ. ವಿಶ್ವೇಶ್ವರಯ್ಯನವರ ಜನ್ಮಶತಮಾನೋತ್ಸವ ನಡೆದದ್ದೂ ಅದೇ ವರ್ಷ. ಅವರಿನ್ನೂ ಬದುಕಿದ್ದರು, ಹಾಗಾಗಿ ಇಂಜಿನಿಯರ್ ಅನ್ನುವ ಪದಕ್ಕೆ ನಮ್ಮ ಕಡೆಯ ಹಳ್ಳಿಗಳಲ್ಲೂ ಒಂದು ಮುಖ, ಒಂದು ಪೇಟ ಇತ್ತು.

ಅದೇ 1960ರಲ್ಲಿ ಘಟ್ಟದ ಕೆಳಗೆ ಸುರತ್ಕಲ್ಲಿನಲ್ಲಿ ಕೆಆರ್‌ಇಸಿಯೂ ಶುರುವಾಯಿತು. ಹೆಚ್ಚುಕಮ್ಮಿ ಒಂದೇ ವಯಸ್ಸಿನ ಇಬ್ಬರು ಅಣ್ಣತಮ್ಮಂದಿರ ಹಾಗೆ, ಒಬ್ಬ ಘಟ್ಟದ ಮೇಲೆ, ಒಬ್ಬ ಕಡಲ ದಡದಲ್ಲಿ. ಅದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳೇ ನಡೆಸಿದ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು, ಅರ್ಧ ಸೀಟು ಹೊರರಾಜ್ಯದ ಹುಡುಗರಿಗೆ. 2002ರಲ್ಲಿ ಎನ್‌ಐಟಿ ಆಗಿ ಎಲ್ಲಿಗೋ ಏರಿ ಹೋಯಿತು. ಇದು ಅನುದಾನಿತ ಕಾಲೇಜಾಗಿ ಊರಲ್ಲೇ ಉಳಿಯಿತು. ಹಳೆಯ ವಿದ್ಯಾರ್ಥಿಗಳು ಸೇರಿದಾಗ ಇದನ್ನು ಹೇಳಿಕೊಂಡು ಹೊಟ್ಟೆಕಿಚ್ಚು ಪಡುವವರಿದ್ದಾರೆ. ನನಗೆ ಹಾಗೆ ಅನ್ನಿಸಿದ್ದಿಲ್ಲ. ಸುರತ್ಕಲ್ಲಿಗೆ ದೇಶದ ಹುಡುಗರು ಬಂದರು, ಹಾಸನಕ್ಕೆ ನಮ್ಮ ಕೇರಿಯ ಹುಡುಗರು ಬಂದರು. ನಮ್ಮ ಚಿಕ್ಕಪ್ಪನೂ ಹಾಗೆ ಬಂದವರು. ಸುರತ್ಕಲ್ಲಿಗಾದರೆ ತಾತ ಕಳಿಸುತ್ತಲೇ ಇರಲಿಲ್ಲ. ಹಾಸನವಾದರೆ ಶನಿವಾರ ಸಂಜೆ ಬಸ್ಸು ಹತ್ತಿ ಬಂದು, ಭಾನುವಾರ ಗದ್ದೆ ಕೆಲಸ ಮುಗಿಸಿ, ಸೋಮವಾರ ಕ್ಲಾಸಿಗೆ ಹೋಗಬಹುದಿತ್ತು. ನಾಟಿ ಸಮಯದಲ್ಲಿ ಸೋಮವಾರವೂ ಹೋಗಲಿಲ್ಲ ಎಂದು ಅಪ್ಪ ಹೇಳುತ್ತಿದ್ದರು.

ಇಂಜಿನಿಯರಿಂಗ್ ಕಾಲೇಜು ಬರುವ ಮೊದಲೇ ಹಾಸನಕ್ಕೆ ಈ ವಿದ್ಯೆಯ ಗಾಳಿ ಬೀಸಿತ್ತು ಅನ್ನುವುದನ್ನೂ ಹೇಳಬೇಕು. ಎಲ್.ವಿ. ಪಾಲಿಟೆಕ್ನಿಕ್ ಇತ್ತು. ಅಲ್ಲಿ ಸಿವಿಲ್ ಡಿಪ್ಲೊಮಾ ಮಾಡಿದ ಹರದನಹಳ್ಳಿಯ ದೇವೇಗೌಡರು ನಾನು ಎರಡನೇ ವರ್ಷದಲ್ಲಿದ್ದಾಗ, 1996ರ ಜೂನ್ 1ರಂದು, ಪ್ರಧಾನಿಯಾದರು. ರಾಜಕೀಯ ಏನೇ ಇರಲಿ, ಆವತ್ತು ನಮ್ಮ ಊರಿನ ಡಿಪ್ಲೊಮಾ ಹುಡುಗರ ನಡಿಗೆಯೇ ಬೇರೆಯಾಗಿತ್ತು. ಲ್ಯಾಟರಲ್ ಎಂಟ್ರಿಯಲ್ಲಿ ನಮ್ಮ ಕ್ಲಾಸಿಗೆ ಬಂದಿದ್ದ ಒಬ್ಬ, ‘ನೋಡ್ರಪ್ಪಾ, ಬಿಇ ಮಾಡಿದೋರು ಚೀಫ್ ಇಂಜಿನಿಯರ್ ಆಗ್ತಾರೆ, ಡಿಪ್ಲೊಮಾದೋರು ಎಲ್ಲೀಗಂಟ ಹೋಗ್ತಾರೆ ಅಂತ’ ಎಂದು ವರ್ಷವಿಡೀ ಹಂಗಿಸಿದ.

ಚಿಕ್ಕಪ್ಪ ಸೇರಿದ್ದು 1964ರಲ್ಲಿ. ಆಗ ಒಂದು ವರ್ಷದ ಪಿಯುಸಿ ಮುಗಿಸಿ ಬಂದರೆ ಬಿಇ ಐದು ವರ್ಷ. ಡಿಗ್ರಿ ಮೈಸೂರು ವಿಶ್ವವಿದ್ಯಾಲಯದ್ದು. ಡ್ರಾಯಿಂಗ್ ಬೋರ್ಡು, ಟಿ-ಸ್ಕ್ವೇರು, ಲೆಕ್ಕಕ್ಕೆ ಸ್ಲೈಡ್ ರೂಲು, ಲಾಗರಿದಮ್ ಟೇಬಲ್ಲು. ಆ ಸ್ಲೈಡ್ ರೂಲನ್ನು ನಾನು ಚಿಕ್ಕವನಿದ್ದಾಗ ಅಡಿಕೋಲು ಎಂದುಕೊಂಡು ಗೆರೆ ಎಳೆಯಲು ಹೋಗಿ ಬೈಸಿಕೊಂಡಿದ್ದೇನೆ. ಐದು ವರ್ಷ ಓದಿ ಹೊರಗೆ ಬಂದರೆ ಕೆಲಸವಿಲ್ಲ. ಅರವತ್ತರ ದಶಕದ ಕೊನೆಗೆ ಬರಗಾಲ, ಯೋಜನೆಗಳಿಗೆ ದುಡ್ಡಿಲ್ಲ, ದೇಶದ ತುಂಬ ಇಂಜಿನಿಯರುಗಳು ನಿರುದ್ಯೋಗಿಗಳು. ಮನೆಗೆ ಮೊದಲ ಇಂಜಿನಿಯರು ಎರಡು ವರ್ಷ ಗದ್ದೆ ಬದು ಕಡಿದರು. ‘ಬದು ಮಾತ್ರ ನೆಟ್ಟಗಿತ್ತು ಕಣಪ್ಪ’ ಎಂದು ಅಪ್ಪ ನಗುತ್ತಿದ್ದರು.

ಆಮೇಲೆ ಹೇಮಾವತಿ ಬಂತು.

ಗೊರೂರಿನ ಅಣೆಕಟ್ಟೆಯ ಬಗ್ಗೆ ಹಾಸನದವರಿಗೆ ಹೇಳಬೇಕಿಲ್ಲ. ಸುಮಾರು 37 ಟಿಎಂಸಿ ನೀರು ಹಿಡಿಯುವ ಜಲಾಶಯ, 1979ರ ಹೊತ್ತಿಗೆ ಕಟ್ಟೆ ಎದ್ದು ನಿಂತಿತು. ಹಿನ್ನೀರು ಊರೂರುಗಳನ್ನೇ ತೆಗೆದುಕೊಂಡಿತು. ಈಗ ಎಲ್ಲರೂ ಫೋಟೋ ಹಾಕುವ ಶೆಟ್ಟಿಹಳ್ಳಿಯ ಚರ್ಚು, ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು, ಮಳೆಗಾಲದಲ್ಲಿ ನೀರಲ್ಲಿ ಅರ್ಧ ಮುಳುಗಿ ನಿಲ್ಲುವುದು ಅದೇ ಹಿನ್ನೀರಿನಲ್ಲಿ. ನಮ್ಮ ಅತ್ತೆಯನ್ನು, ಅಂದರೆ ಅಪ್ಪನ ತಂಗಿಯನ್ನು, ಕೊಟ್ಟಿದ್ದ ಊರೂ ಆ ನೀರಿಗೆ ಹೋಯಿತು. ಆಗ ಚಿಕ್ಕಪ್ಪ ಗೊರೂರಿನಲ್ಲಿ ಕೆಲಸಕ್ಕಿದ್ದರು, ಲೆವೆಲ್ಲು ನೋಡುವ ತಂಡದಲ್ಲಿ. ಜಲಾಶಯ ತುಂಬಿದಾಗ ನೀರು ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ದಡದುದ್ದಕ್ಕೂ ಗುರುತುಕಲ್ಲು ನೆಡುವ ಕೆಲಸ. ಅಣೆಕಟ್ಟೆ ಎಲ್ಲಿ, ಎತ್ತರ ಎಷ್ಟು ಎಂದು ತೀರ್ಮಾನ ಮಾಡಿದವರು ಬೇರೆ. ಆದರೆ ಊರಿನವರ ಕಣ್ಣಿಗೆ ಬಿದ್ದದ್ದು ತೀರ್ಮಾನವಲ್ಲ, ಕಲ್ಲು. ಕಲ್ಲು ನೆಟ್ಟವನು ಮನೆಯ ಹುಡುಗ.

ಅತ್ತೆ ಹಬ್ಬಕ್ಕೆ ತವರಿಗೆ ಬಂದಾಗ ಚಿಕ್ಕಪ್ಪನ ಜೊತೆ ಮಾತಾಡುತ್ತಿದ್ದಳು, ತಟ್ಟೆಗೆ ಬಡಿಸುತ್ತಲೂ ಇದ್ದಳು. ಜಗಳವಿರಲಿಲ್ಲ. ಆದರೆ ವರ್ಷಕ್ಕೊಂದು ಸಲವಾದರೂ, ಯಾವುದೋ ಮಾತಿನ ಮಧ್ಯೆ, ‘ನೀನು ಆ ಕಲ್ಲನ್ನ ಒಂದು ನಾಕು ಮಾರು ಕೆಳಗೆ ನೆಟ್ಟಿದ್ರೆ ಏನಾಗ್ತಿತ್ತೋ’ ಅನ್ನುತ್ತಿದ್ದಳು. ಚಿಕ್ಕಪ್ಪ ಉತ್ತರ ಕೊಡುತ್ತಿರಲಿಲ್ಲ. ಕಲ್ಲು ಎಲ್ಲಿ ನೆಟ್ಟರೂ ನೀರು ತನ್ನ ಮಟ್ಟಕ್ಕೇ ನಿಲ್ಲುತ್ತದೆ ಎಂದು ಅಕ್ಕನಿಗೆ ವಿವರಿಸುವುದಾದರೂ ಹೇಗೆ?

ಇದೆಲ್ಲ ನನಗೆ ಆಗ ಅರ್ಥವಾಗಿರಲಿಲ್ಲ. ಅರ್ಥವಾದದ್ದು ಸರ್ವೆ ಕ್ಯಾಂಪಿನಲ್ಲಿ.

ನಾನು ಸೇರಿದ್ದು 1994ರಲ್ಲಿ. ಹಿಂದಿನ ವರ್ಷ ಸುಪ್ರೀಂ ಕೋರ್ಟಿನಿಂದ ಉಣ್ಣಿಕೃಷ್ಣನ್ ತೀರ್ಪು ಬಂದು ಫ್ರೀ ಸೀಟು, ಪೇಮೆಂಟ್ ಸೀಟು ಅನ್ನುವ ಪದಗಳು ಹೊಸದಾಗಿ ಹುಟ್ಟಿದ್ದವು. ಸಿಇಟಿ ಸೆಲ್ ಆಗಷ್ಟೇ ಕಣ್ಣು ಬಿಟ್ಟಿತ್ತು. ಅಪ್ಪ ಮತ್ತು ನಾನು ಕೆಂಪು ಬಸ್ಸಿನಲ್ಲಿ ರಾತ್ರಿಯಿಡೀ ತೂಕಡಿಸಿಕೊಂಡು ಬೆಂಗಳೂರಿಗೆ ಹೋಗಿ ಕೌನ್ಸೆಲಿಂಗಿನಲ್ಲಿ ಹಾಸನ, ಸಿವಿಲ್ ಎಂದು ಹೇಳಿ ಬಂದೆವು. ಕಂಪ್ಯೂಟರ್ ಸಿಗುತ್ತಿರಲಿಲ್ಲ, ಅದೂ ನಿಜವೇ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಪಿಯುಸಿಯಲ್ಲಿ ಉರು ಹೊಡೆದ ಇಂಗ್ಲಿಷು. ಮೊದಲ ವರ್ಷದ ವರ್ಕ್‌ಶಾಪ್ ಒಂದೇ ನನ್ನನ್ನು ಉಳಿಸಿತು. ಫಿಟ್ಟಿಂಗ್ ಸೆಕ್ಷನ್ನಿನಲ್ಲಿ ಎಂಎಸ್ ಪ್ಲೇಟನ್ನು ವೈಸಿಗೆ ಸಿಗಿಸಿ ಅರ ಹಾಕಿ ತಿಕ್ಕುವುದಕ್ಕೆ ಇಂಗ್ಲಿಷು ಬೇಕಿರಲಿಲ್ಲ. ವಿ-ಗ್ರೂವ್ ಜೋಡಿಸಿ ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣಬಾರದು. ನನ್ನದರಲ್ಲಿ ಇಡೀ ಟ್ಯೂಬ್‌ಲೈಟ್ ಕಾಣುತ್ತಿತ್ತು, ಆ ಮಾತು ಬೇರೆ.

ಮೂರು ವರ್ಷ ಮುಗಿದ ಮೇಲೆ ಎಕ್ಸ್‌ಟೆನ್ಸಿವ್ ಸರ್ವೆ. ಸಿವಿಲ್ ಓದಿದವರಿಗೆಲ್ಲ ಗೊತ್ತಿರುವ ಆ ನಾಲ್ಕು ಪ್ರಾಜೆಕ್ಟುಗಳು: ಹೊಸ ಕೆರೆ, ಹಳೆ ಕೆರೆ ದುರಸ್ತಿ, ರಸ್ತೆ, ಊರಿಗೆ ಕುಡಿಯುವ ನೀರು. ಯಾವುದನ್ನೂ ನಿಜವಾಗಿ ಕಟ್ಟುವುದಿಲ್ಲ. ಕಟ್ಟುವುದಾದರೆ ಹೇಗೆ ಎಂದು ಅಳೆದು, ನಕ್ಷೆ ಬರೆದು, ಮಾರ್ಕ್ಸ್ ತೆಗೆದುಕೊಳ್ಳುವುದು. ಅರಸೀಕೆರೆ ಕಡೆಯ ಒಂದು ಹಳ್ಳಿಯ ಸ್ಕೂಲಿನಲ್ಲಿ ನಮ್ಮ ಬಿಡಾರ. ಆಂಜನೇಯನ ಗುಡಿಯ ಜಗಲಿ ಕಲ್ಲಿನ ಮೇಲೆ ಕೆಂಪು ಪೇಂಟಿನಲ್ಲಿ ಬೆಂಚ್‌ಮಾರ್ಕ್, ಅಂದರೆ ಎಲ್ಲ ಎತ್ತರಗಳಿಗೂ ಆಧಾರವಾಗುವ ಗುರುತು, ಹಾಕಿ ಎಣಿಕೆ ಶುರು. ಒಬ್ಬ ಡಂಪಿ ಲೆವೆಲ್ಲಿನಲ್ಲಿ ಕಣ್ಣಿಟ್ಟು ಕೂಗುವವನು, ಒಬ್ಬ ಸ್ಟಾಫ್, ಅಂದರೆ ಅಂಕಿ ಬರೆದ ಅಳತೆಕೋಲು, ಹಿಡಿದು ನಿಲ್ಲುವವನು, ಒಬ್ಬ ಬರೆದುಕೊಳ್ಳುವವನು, ಉಳಿದವರು ಚೈನು ಎಳೆಯುವವರು ಮತ್ತು ಎಳನೀರು ಹುಡುಕುವವರು.

ಮೊದಲ ದಿನವೇ ಒಂದು ವಿಚಿತ್ರವಾಯಿತು. ಕ್ಲಾಸಿನಲ್ಲಿ ‘ವೇಸ್ಟ್ ವಿಯರ್’, ‘ಸ್ಲೂಸ್’, ‘ಬಂಡ್’, ‘ಕಮಾಂಡ್ ಏರಿಯಾ’ ಎಂದು ಉರು ಹೊಡೆದಿದ್ದೆವಲ್ಲ, ಹಳೆ ಕೆರೆಯ ಮೇಲೆ ನಿಂತು ಗದ್ದೆಗಳಿಗೆ ಕೆರೆ ನೀರು ಬಿಡುವ ಊರಿನ ನೀರಗಂಟಿಯನ್ನು ಮಾತಾಡಿಸಿದರೆ ಅವನ ಬಾಯಲ್ಲಿ ಅದೆಲ್ಲ ಕೋಡಿ, ತೂಬು, ಏರಿ, ಅಚ್ಚುಕಟ್ಟು ಎಂದು ಬರುತ್ತಿತ್ತು. ಕೋಡಿ ಬೀಳುವುದು ಅಂದರೆ ನನಗೆ ಹುಟ್ಟಿದಾಗಿನಿಂದ ಗೊತ್ತು. ಕೋಡಿ ನೀರಲ್ಲಿ ಮೀನು ಹಿಡಿದಿದ್ದೇನೆ. ಆ ಕೋಡಿಗೇ ವೇಸ್ಟ್ ವಿಯರ್ ಅನ್ನುವುದು, ಅದರ ಉದ್ದಕ್ಕೊಂದು ಸೂತ್ರ ಇರುವುದು, ಆ ಸೂತ್ರಕ್ಕೆ ನಾನು ಹಿಂದಿನ ಸೆಮಿಸ್ಟರಿನಲ್ಲಿ ಹತ್ತು ಮಾರ್ಕ್ಸ್ ಕಳೆದುಕೊಂಡದ್ದು, ಎಲ್ಲವೂ ಒಟ್ಟಿಗೆ ತಲೆಗೆ ಹೊಳೆಯಿತು. 2021ರಲ್ಲಿ ಕನ್ನಡವೂ ಸೇರಿ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಒಪ್ಪಿಗೆ ಕೊಟ್ಟಾಗ ನನಗೆ ನೆನಪಾದದ್ದು ಆ ನೀರಗಂಟಿ. ಪುಸ್ತಕ ಅನುವಾದ ಮಾಡುವವರು ಮೊದಲು ನಾಲ್ಕು ಕೆರೆ ಏರಿ ಸುತ್ತಿ ಬರಲಿ ಎಂದು ಈಗಲೂ ಅನ್ನಿಸುತ್ತದೆ. ‘ತ್ಯಾಜ್ಯ ಜಲ ನಿರ್ಗಮನ ದ್ವಾರ’ ಎಂದೇನಾದರೂ ಬರೆದಿಟ್ಟರೆ ಇಂಗ್ಲಿಷೇ ವಾಸಿ.

ಹೊಸ ಕೆರೆಯ ಸರ್ವೆಯಲ್ಲಿ ನನ್ನಿಂದ ಒಂದು ಎಡವಟ್ಟಾಯಿತು. ಬರೆದುಕೊಳ್ಳುವವನು ನಾನು. ಸ್ಟಾಫಿನ ಅಂಕಿ 1.365 ಎಂದು ಕೂಗಿದ್ದನ್ನು 1.635 ಎಂದು ಬರೆದುಬಿಟ್ಟೆ. ಸಂಜೆ ಮತ್ತೆ ಆಂಜನೇಯನ ಜಗಲಿಗೆ ಬಂದು ಮುಗಿಸಿದಾಗ ಲೆಕ್ಕ ಕೂಡಲಿಲ್ಲ. ಬೆಳಗ್ಗೆ ಇದ್ದ ಜಗಲಿ ಸಂಜೆಗೆ ಇಪ್ಪತ್ತೇಳು ಸೆಂಟಿಮೀಟರ್ ಕುಸಿದಿತ್ತು. ಮೇಷ್ಟ್ರು ಪುಸ್ತಕ ನೋಡಿದರು. ಬೈಯಲಿಲ್ಲ. ‘ಇಲ್ಲಿ ನೆಲ ಇನ್ನೂರಕ್ಕೆ ಒಂದು ಇಳಿಜಾರು ಅಂತ ನೀವೇ ಬರೆದಿದ್ದೀರಿ. ಇಪ್ಪತ್ತೇಳು ಸೆಂಟಿಮೀಟರ್ ನೀರು ಜಾಸ್ತಿ ನಿಂತರೆ ದಡ ಎಷ್ಟು ಹಿಂದೆ ಹೋಗ್ತದೆ?’ ಅಂದರು. ಗುಣಿಸಿ ಹೇಳಿದೆ, ಐವತ್ನಾಲ್ಕು ಮೀಟರ್. ‘ಐವತ್ನಾಲ್ಕು ಮೀಟರಲ್ಲಿ ಯಾರ ಹೊಲ ಇದೆ ನೋಡಿ ಬನ್ನಿ, ಹೋಗಿ’ ಅಂದರು.

ಮಾರನೇ ದಿನ ಹೋದೆ. ಅಲ್ಲಿ ಒಬ್ಬ ಅಜ್ಜ ಸಿಕ್ಕಿದ. ನಾವು ಬಂದ ದಿನದಿಂದ ನಮ್ಮ ಹಿಂದೆ ಮುಂದೆ ಸುತ್ತುತ್ತಿದ್ದವನು. ಯಾವ ಕಲ್ಲು, ಯಾವ ಗೂಟ ಎಂದು ನೋಡುತ್ತಿದ್ದವನು.

‘ದೊಡ್ಡ ಮಳೆ ಹೊಯ್ದ್ರೂ ನೀರು ಆ ಹುಣಸೇಮರ ದಾಟಾಕಿಲ್ಲ ಕಣ್ರಪ್ಪಾ. ನಮ್ಮಪ್ಪನ ಕಾಲದಿಂದ ನೋಡೀವ್ನಿ’ ಅಂದ.

ಹಳ್ಳಿಯ ಹಿರಿಯರ ಅನುಭವ ಎಂದು ಭಕ್ತಿಯಿಂದ ಅದನ್ನೂ ಪುಸ್ತಕದಲ್ಲಿ ಬರೆದುಕೊಂಡೆ. ನಮ್ಮ ಲೆಕ್ಕದಲ್ಲಿ ಮಾತ್ರ, ತಪ್ಪು ತಿದ್ದಿದ ಮೇಲೂ, ನೀರು ಹುಣಸೇಮರ ದಾಟಿ ಮೇಲಿನ ರಾಗಿ ಹೊಲದ ಅರ್ಧಕ್ಕೆ ನಿಲ್ಲುತ್ತಿತ್ತು. ಮಧ್ಯಾಹ್ನ ನೀರಗಂಟಿ ನಕ್ಕು ಹೇಳಿದ, ಆ ರಾಗಿ ಹೊಲ ಅಜ್ಜನದೇ ಎಂದು.

ಸಂಜೆ ಅಜ್ಜನನ್ನು ಕರೆದು ಸಮಾಧಾನ ಮಾಡಿದೆವು. ಇದು ಬರೀ ಓದಿಗೆ, ಪರೀಕ್ಷೆಗೆ, ಕೆರೆ ಕಟ್ಟುವುದಿಲ್ಲ, ಕಾಗದದ ಮೇಲಷ್ಟೇ ಎಂದು ಹೇಳಿದೆವು. ಅಜ್ಜ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. ‘ಯಾವ್ದು ಸ್ವಾಮಿ ಕಾಗ್ದದ ಮ್ಯಾಲೆ ಸುರುವಾಗಾಕಿಲ್ಲ?’ ಅಂದು ಹೊರಟುಹೋದ.

ಆ ವಾರ ಊರಿಗೆ ಹೋದಾಗ ಇದನ್ನು ಚಿಕ್ಕಪ್ಪನಿಗೆ ತಮಾಷೆಯಾಗಿ ಹೇಳಿದೆ. ಅವರು ನಗಲಿಲ್ಲ. ಬಹಳ ಹೊತ್ತು ಬಿಟ್ಟು ಹೇಳಿದರು: ‘ನಮ್ಮ ಹಿಂದೇನೂ ಬರ್ತಿದ್ರು. ದಿನಾ. ನಾನು ಯಾರ ಮನೆ ಹುಡುಗ ಅಂತ ಗೊತ್ತಿತ್ತಲ್ಲ, ನನ್ನನ್ನೇ ಕೇಳೋರು. ಬೇರೆ ಊರಿನ ಇಂಜಿನಿಯರುಗಳನ್ನ ಯಾರೂ ಕೇಳ್ತಿರಲಿಲ್ಲ.’

ಕಾಲೇಜಿನ ಬಗ್ಗೆ ಯೋಚಿಸುವಾಗ ನಾನು ಮತ್ತೆ ಮತ್ತೆ ಬಂದು ನಿಲ್ಲುವುದು ಈ ಮಾತಿನ ಹತ್ತಿರ. ಪ್ಲೇಸ್‌ಮೆಂಟ್ ಎಷ್ಟು, ರ‍್ಯಾಂಕಿಂಗ್ ಎಷ್ಟು ಎಂದು ಕೇಳುತ್ತಾರೆ. 1960ರಲ್ಲಿ ಹಾಸನದಲ್ಲೊಂದು ಕಾಲೇಜು ಮಾಡಿದ್ದರಿಂದ ಏನಾಯಿತು ಅಂದರೆ, ನಮ್ಮ ನೆಲದ ಮೇಲೆ ಗೆರೆ ಎಳೆಯುವ ಕೆಲಸ ನಮ್ಮ ಹುಡುಗರ ಕೈಗೂ ಬಂತು. ಅವರು ಎಳೆದ ಗೆರೆ ಬೇರೆಯವರದಕ್ಕಿಂತ ಒಳ್ಳೆಯದಿತ್ತು ಎಂದೇನೂ ಅಲ್ಲ. ನೀರಿಗೆ ನಮ್ಮವರು ಪರರು ಎಂಬುದಿಲ್ಲ. ಆದರೆ ಪ್ರಶ್ನೆ ಕೇಳುವುದಕ್ಕೆ ಒಬ್ಬ ಮನುಷ್ಯ ಸಿಕ್ಕಿದ. ಹಬ್ಬಕ್ಕೆ ಬಂದಾಗ, ತಟ್ಟೆಗೆ ಅನ್ನ ಬಡಿಸುತ್ತಾ, ‘ನಾಕು ಮಾರು ಕೆಳಗೆ ನೆಟ್ಟಿದ್ರೆ’ ಎಂದು ಕೇಳಬಹುದಾದ ಮನುಷ್ಯ. ಅವನಿಗೆ ಅದು ಸುಖದ ವಿಷಯವಲ್ಲ. ಚಿಕ್ಕಪ್ಪನಿಗೆ ನಿದ್ದೆ ಯಾವತ್ತೂ ಕಡಿಮೆ.

ನಾನು ಮುಗಿಸಿದ 1998ರಲ್ಲೇ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಹುಟ್ಟಿ, ರಾಜ್ಯದ ಬಹುಪಾಲು ಇಂಜಿನಿಯರಿಂಗ್ ಕಾಲೇಜುಗಳು ಅದರ ಕೆಳಗೆ ಬಂದವು. ಮೈಸೂರು ವಿಶ್ವವಿದ್ಯಾಲಯದ ಮುದ್ರೆ ಇರುವ ಸರ್ಟಿಫಿಕೇಟು ಪಡೆದ ಕೊನೆಯ ಕೆಲವು ಸಾಲಿನವರಲ್ಲಿ ನಾವೂ ಸೇರಿದ್ದೇವೆ. 2007ರ ಹೊತ್ತಿಗೆ ಕಾಲೇಜು ಸ್ವಾಯತ್ತವಾಯಿತು, ಅಂದರೆ ಡಿಗ್ರಿ ವಿಟಿಯುದೇ ಆದರೂ ಸಿಲೆಬಸ್ಸು, ಪ್ರಶ್ನೆಪತ್ರಿಕೆ ತಮ್ಮದೇ. ಅದೇ 2007ರಲ್ಲಿ ಹಾಸನಕ್ಕೆ ಸರ್ಕಾರಿ ಇಂಜಿನಿಯರಿಂಗ್ ಕಾಲೇಜೂ ಬಂತು. ಆಮೇಲೆ ಖಾಸಗಿಯವೂ ಬಂದವು. ಪಕ್ಕದ ಚಿಕ್ಕಮಗಳೂರಿನಲ್ಲಿ ಆದಿಚುಂಚನಗಿರಿಯವರ ಎಐಟಿ 1980ರಿಂದಲೇ ಇತ್ತು, ಕ್ರಿಕೆಟ್ಟಿನಲ್ಲಿ ನಮಗೂ ಅವರಿಗೂ ಆಗಿಬರುತ್ತಿರಲಿಲ್ಲ. ಈಗ ಆಟೋದವರಿಗೆ ‘ಇಂಜಿನಿಯರಿಂಗ್ ಕಾಲೇಜು’ ಅಂದರೆ ‘ಯಾವುದು ಸಾರ್?’ ಎಂದು ಕೇಳುತ್ತಾರೆ.

ಸಾಲಗಾಮೆ ರಸ್ತೆಯೂ ಬದಲಾಗಿದೆ. ಅದೇ ರಸ್ತೆಯಲ್ಲಿ ಇಸ್ರೋದವರ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇದೆ. ಬಿಳಿ ಬಾಣಲೆಗಳ ಹಾಗಿರುವ ದೊಡ್ಡ ಆಂಟೆನಾಗಳು ಆಕಾಶಕ್ಕೆ ಮುಖ ಮಾಡಿ, ಭೂಮಿಯಿಂದ ಮೂವತ್ತಾರು ಸಾವಿರ ಕಿಲೋಮೀಟರ್ ಮೇಲಿರುವ ಇನ್ಸಾಟ್ ಉಪಗ್ರಹಗಳನ್ನು ಹದ್ದುಬಸ್ತಿನಲ್ಲಿ ಇಟ್ಟುಕೊಂಡಿರುತ್ತವೆ. ನಮ್ಮ ಕಾಲದಲ್ಲಿ ಅದನ್ನು ಬೇಲಿಯಾಚೆಯಿಂದ ನೋಡಿ, ಈಚೆ ಹೋಟೆಲಿನಲ್ಲಿ ಬೈಟು ಕಾಫಿ ಕುಡಿದು ವಾಪಸ್ಸಾಗುತ್ತಿದ್ದೆವು. ಉಪಗ್ರಹದ ಹುಡುಗರು, ಕೆರೆಯ ಹುಡುಗರು ಎಂದು ಎಲೆಕ್ಟ್ರಾನಿಕ್ಸಿನವರು ನಮ್ಮನ್ನು ಕೆಣಕುತ್ತಿದ್ದರು. ನಮ್ಮ ಜಂಬವೂ ಕಡಿಮೆಯಿರಲಿಲ್ಲ. 1996ರಲ್ಲಿ ಮಂಗಳೂರು ಕಡೆಯ ರೈಲು ಗೇಜ್ ಬದಲಾವಣೆಗೆಂದು ನಿಂತಮೇಲೆ, ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಹಳಿಯ ಮೇಲೇ ನಡೆದು 57 ಸುರಂಗ, 109 ಸೇತುವೆಗಳ ಆ ದಾರಿಯಲ್ಲಿ ಕಾಲಿಗೆ ಬಂದಷ್ಟನ್ನು ಎಣಿಸಿ ಬಂದವರು ನಾವು. ಜಿಗಣೆ ಕಚ್ಚಿಸಿಕೊಂಡು ಕಲಿತ ಬ್ರಿಡ್ಜ್ ಇಂಜಿನಿಯರಿಂಗ್ ಮರೆಯುವುದಿಲ್ಲ.

ಈಗ ಸಿವಿಲ್ಲಿಗೆ ಸೇರುವವರು ಕಡಿಮೆ. ಎಲ್ಲ ಕಾಲೇಜುಗಳದ್ದೂ ಇದೇ ಕಥೆ. ನನ್ನ ತಮ್ಮನ ಮಗನೂ ಅಲ್ಲೇ ಓದಿದ, ಕಂಪ್ಯೂಟರ್ ಸೈನ್ಸ್. ಅದರಲ್ಲಿ ನನಗೇನೂ ಬೇಸರವಿಲ್ಲ. ಕಾಫಿಯ ರೇಟು ಬಿದ್ದ ವರ್ಷಗಳಲ್ಲಿ ನಮ್ಮ ಕಡೆಯ ಎಷ್ಟೋ ಮನೆಗಳ ಸಾಲ ತೀರಿಸಿದ್ದು ತೋಟವಲ್ಲ, ಬೆಂಗಳೂರಿನಲ್ಲಿ ಕೀಬೋರ್ಡ್ ಕುಟ್ಟಿದ ಮಕ್ಕಳು. 2017ರ ಮಾರ್ಚಿನಲ್ಲಿ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ರೈಲು ಬಿಟ್ಟಮೇಲಂತೂ ಹಾಸನವೇ ಬೆಂಗಳೂರಿನ ಹಿತ್ತಲಾಗಿದೆ. ಆ ಹುಡುಗ ಒಳ್ಳೆಯ ಹುಡುಗ. ಆದರೆ ಅವನು ಮಾಡುವ ಕೆಲಸದಿಂದ ಯಾರಿಗೆ ಏನಾಗುತ್ತದೆ ಎಂದು ಅವನನ್ನು ಹಬ್ಬದ ಊಟದಲ್ಲಿ ಯಾರೂ ಕೇಳಲಾರರು, ಏಕೆಂದರೆ ಯಾರಿಗೂ, ಅವನಿಗೂ, ಅದು ಗೊತ್ತಿಲ್ಲ.

ಅದೇ 2017ರ ಬೇಸಿಗೆ. ಮಳೆ ಕೈಕೊಟ್ಟು ಹೇಮಾವತಿ ತಳ ಕಂಡಿತ್ತು. ಹಿನ್ನೀರಿನ ಊರುಗಳ ತಳಪಾಯ ಎದ್ದು ಕಾಣುತ್ತಿವೆ ಎಂದು ಯಾರೋ ಹೇಳಿದ್ದೇ ತಡ, ಅತ್ತೆ ನೋಡಲೇಬೇಕೆಂದು ಹಟ ಹಿಡಿದಳು. ತಮ್ಮನ ಮಗ ಕಾರು ಓಡಿಸಿದ. ಚಿಕ್ಕಪ್ಪ ಮುಂದೆ, ಅತ್ತೆ ಮತ್ತು ನಾನು ಹಿಂದೆ. ಬಿರುಕು ಬಿಟ್ಟ ಕೆಸರಿನ ಮೇಲೆ ಬಹಳ ದೂರ ನಡೆದೆವು. ಹುಡುಗ ಮೊಬೈಲಿನ ಮ್ಯಾಪ್ ತೆಗೆದು ನಕ್ಕ, ‘ದೊಡ್ಡಪ್ಪ, ಇದರ ಪ್ರಕಾರ ನಾವು ನೀರೊಳಗೆ ನಿಂತಿದೀವಿ’. ನೋಡಿದರೆ ಹೌದು, ನೀಲಿಯ ಮಧ್ಯೆ ಒಂದು ಚುಕ್ಕೆ.

ಅತ್ತೆಗೆ ಯಾವ ಮ್ಯಾಪೂ ಬೇಕಾಗಲಿಲ್ಲ. ಒರಳುಕಲ್ಲು ಹೂತಿದ್ದ ಜಾಗದಿಂದ ಲೆಕ್ಕ ಹಿಡಿದು, ಇದು ಅಡುಗೆ ಮನೆ, ಇದು ಕೊಟ್ಟಿಗೆ ಎಂದು ಹೇಳುತ್ತಾ ಹೋದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಚಿಕ್ಕಪ್ಪನ ಕಡೆ ತಿರುಗಿದಳು.

‘ನಿನ್ನ ಕಲ್ಲು ಎಲ್ಲೋ?’

ಚಿಕ್ಕಪ್ಪನಿಗೆ ಆಗ ಎಪ್ಪತ್ತು ದಾಟಿತ್ತು. ಹಣೆಗೆ ಕೈ ಅಡ್ಡ ಹಿಡಿದು ಸುತ್ತ ನೋಡಿದರು. ಆಮೇಲೆ ಕೈಯೆತ್ತಿ ತೋರಿಸಿದರು. ನಾವು ನಿಂತಿದ್ದ ಕಡೆಗಲ್ಲ, ಅದರ ಹತ್ತಿರಕ್ಕೂ ಅಲ್ಲ. ದೂರದಲ್ಲಿ, ದಿಬ್ಬದ ನೆತ್ತಿಯಲ್ಲಿ, ಲಂಟಾನ ಪೊದೆಗಳ ಸಾಲು ಶುರುವಾಗುವ ಕಡೆ.

ಅತ್ತೆ ಆ ಕಡೆ ನೋಡಿದಳು. ಕಾಲ ಕೆಳಗಿನ ಒರಳುಕಲ್ಲು ನೋಡಿದಳು. ಮತ್ತೆ ಆ ಕಡೆ ನೋಡಿದಳು.

‘ಅಷ್ಟು ಮೇಲಾ?’ ಅಂದಳು. ‘ಹಂಗಾದ್ರೆ ನಮ್ಮನೆ ಹೆಂಗೂ ಉಳೀತಿರಲಿಲ್ಲ ಬಿಡು. ಮೊದಲೇ ಹೇಳೋಕೇನಾಗಿತ್ತು ನಿಂಗೆ?’

ಚಿಕ್ಕಪ್ಪ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಕಾರಿನ ಕಡೆ ಹೊರಟಾಗಿತ್ತು.